ಅಟ್ಟದ ಮೇಲಿನವಳು

ಗಂಡಸರು ಹೇಳುವ ದೆವ್ವ ಊರ ಹೊರಗಿರುತ್ತದೆ. ಹೆಂಗಸರು ಹೇಳುವ ದೆವ್ವ ಮನೆಯೊಳಗಿರುತ್ತದೆ. ದೆವ್ವದ ಕಥೆಗಳ ವಿಷಯದಲ್ಲಿ ನಾನು ಕಂಡುಕೊಂಡ ಶಾಸ್ತ್ರವೆಲ್ಲ ಇಷ್ಟೇ. ಇದನ್ನು ಯಾವ ಪಂಡಿತರಿಂದಲೂ ಕಲಿತದ್ದಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿ, ಕತ್ತಲಾದ ಮೇಲೆ ಕಿವಿ ಮುಚ್ಚಿಕೊಳ್ಳದೆ ಬೆಳೆದ ಯಾರಿಗಾದರೂ ತಾನಾಗಿಯೇ ತಿಳಿಯುವ ಸಂಗತಿ.

ಗಂಡಸರ ಕಥೆಯನ್ನು ಮೊದಲು ಹೇಳಿ ಮುಗಿಸಿಬಿಡುತ್ತೇನೆ. ಅದು ಬೇಗ ಮುಗಿಯುತ್ತದೆ. ತಿಪಟೂರಿನಲ್ಲಿ ಕೊಬ್ಬರಿ ಮಾರಿದ ರೈತನೊಬ್ಬ ಗಾಡಿ ಕಟ್ಟಿಕೊಂಡು ಸರಿರಾತ್ರಿಯಲ್ಲಿ ಊರಿಗೆ ಮರಳುತ್ತಿರುತ್ತಾನೆ. ದಾರಿಯ ಹುಣಿಸೆಮರದ ಕೆಳಗೆ ಬಿಳಿ ಸೀರೆಯವಳೊಬ್ಬಳು ನಿಂತು 'ಎಲೆಗೆ ಒಂದಿಷ್ಟು ಸುಣ್ಣ ಕೊಡಣ್ಣ' ಎಂದು ಕೇಳುತ್ತಾಳೆ. ಅವನು ಅವಳ ಕಾಲು ನೋಡುತ್ತಾನೆ. ಹಿಮ್ಮಡಿ ಮುಂದಕ್ಕಿರುತ್ತದೆ. ಆದರೆ ಧೈರ್ಯಗೆಡದೆ ಚೂರಿಯ ತುದಿಯಲ್ಲಿ ಸುಣ್ಣ ನೀಡಿ, ಎತ್ತಿನ ಬಾಲ ತಿರುಚಿ, ಒಂದೇ ಉಸಿರಿಗೆ ಮನೆ ಸೇರಿ ಮೂರು ದಿನ ಜ್ವರದಲ್ಲಿ ಮಲಗುತ್ತಾನೆ. ಈಗ ಗಾಡಿಯ ಬದಲು ಮೋಟಾರು ಬೈಕು ಬಂದಿದೆ, ಉಳಿದದ್ದೆಲ್ಲ ಯಥಾಪ್ರಕಾರ. ಕಥೆಯ ನಾಯಕ ಹೇಳುವವನೇ ಅಥವಾ ಅವನ ಸೋದರಮಾವ. ಪಾಪ, ಅವಳು ಯಾರು, ಆ ಮರದ ಕೆಳಗೆ ಯಾಕೆ ಬಂದಳು, ಅಷ್ಟು ವರ್ಷಗಳಿಂದ ಅವಳಿಗೆ ಒಂದು ಚಿಟಿಕೆ ಸುಣ್ಣ ಏಕೆ ಹುಟ್ಟಲಿಲ್ಲ ಎಂಬುದನ್ನು ಹೇಳುವವನೂ ವಿಚಾರಿಸುವುದಿಲ್ಲ, ಕೇಳುವವರೂ ವಿಚಾರಿಸುವುದಿಲ್ಲ.

ಹೆಂಗಸರ ದೆವ್ವಕ್ಕೆ ಹುಣಿಸೆಮರ ಬೇಡ. ಅಡಿಗೆಮನೆ, ಬಚ್ಚಲು, ಹಿತ್ತಿಲ ಬಾವಿ, ಬಾಣಂತಿಯ ಕೋಣೆ, ಅಟ್ಟ ಇವಿಷ್ಟೇ ಅದರ ಪ್ರಪಂಚ. ಬದುಕಿದ್ದಾಗ ಅವಳು ಓಡಾಡಿದ್ದೂ ಅಷ್ಟರಲ್ಲೇ ತಾನೆ? ಈ ಕಥೆಗಳನ್ನು ಹೇಳುವ ಹೊತ್ತೂ ಬೇರೆ. ಬೆಳದಿಂಗಳ ಕಟ್ಟೆಯ ಮೇಲೆ ಜಂಬದಿಂದ ಹೇಳುವಂಥವಲ್ಲ. ಕೈ ಕೆಲಸದಲ್ಲಿರುವಾಗ, ಕಣ್ಣು ಕೆಲಸದ ಮೇಲಿರುವಾಗ, ಯಾರ ಮುಖವನ್ನೂ ನೋಡದೆ ಹೇಳುವಂಥವು. ನಮ್ಮ ಕಡೆ ಅದಕ್ಕೆ ತಕ್ಕ ಹೊತ್ತೆಂದರೆ ಕೊಬ್ಬರಿ ಒಡೆಯುವ ಕಾಲ. ಅಂಗಳದಲ್ಲಿ ಆರೇಳು ಹೆಂಗಸರು ಸುತ್ತ ಕುಳಿತು, ಚಿಪ್ಪು ಒಡೆದು ಗಿಟುಕು ಬಿಡಿಸುತ್ತ ಸಂಜೆ ಮಾಡುವಾಗ ಒಬ್ಬರು ಶುರುಮಾಡುತ್ತಾರೆ, ಮತ್ತೊಬ್ಬರು ತಿದ್ದುತ್ತಾರೆ, ಮೂರನೆಯವರು 'ಅದಲ್ಲ ಕಣಕ್ಕ, ನಮ್ಮತ್ತೆ ಬೇರೆ ಥರ ಹೇಳ್ತಿದ್ರು' ಎನ್ನುತ್ತಾರೆ. ಗಂಡಸರು ಆ ಕಡೆ ಬಂದರೆ ಮಾತು ಮಳೆಯ ಕಡೆಗೆ, ಕೊಬ್ಬರಿಯ ಧಾರಣೆಯ ಕಡೆಗೆ ತಿರುಗುತ್ತದೆ.

ಬೇರೆ ಜಿಲ್ಲೆಗಳಿಂದ ಬಂದಿರುವ ನಮ್ಮ ಅಧ್ಯಾಪಕರಿಗಾಗಿ ಅಟ್ಟದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕರಾವಳಿಯವರಂತೆ ನಾವು ಕಾಯಿಯನ್ನು ಒಡೆದು ಬಿಸಿಲಿಗೆ ಹರಡುವವರಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷ, ಹಾಗೆಯೇ ಬಿಡುತ್ತೇವೆ. ಕೆಳಗಿನ ಒಲೆಯ ಹೊಗೆ, ಮೇಲಿನ ಹೆಂಚಿನ ಕಾವು ಎರಡೂ ತಾಕಿ ಒಳಗಿನ ನೀರು ಮೆಲ್ಲಗೆ ಇಂಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟು ಒಳಗೇ ಉಂಡೆಯಾಗಿ ನಿಲ್ಲುತ್ತದೆ. ಅಲುಗಿಸಿದರೆ ಗೊಟಗೊಟ ಸದ್ದು ಬಂತೆಂದರೆ ಕೊಬ್ಬರಿಯಾಯಿತೆಂದು ಅರ್ಥ. ತಿಪಟೂರಿನ ಹೆಸರನ್ನು ಉತ್ತರ ಹಿಂದೂಸ್ಥಾನದವರೆಗೆ ಕೊಂಡೊಯ್ದ ಉಂಡೆ ಕೊಬ್ಬರಿಯ ಗುಟ್ಟು ಈ ತಾಳ್ಮೆಯೊಂದೇ. ಹೀಗಾಗಿ ನಮ್ಮ ಹಳೆಯ ಮನೆಗಳಲ್ಲಿ ಮಲಗುವವರ ತಲೆಯ ಮೇಲೆ ವರ್ಷವಿಡೀ ಸಾವಿರಾರು ಕಾಯಿಗಳು ಕತ್ತಲಲ್ಲಿ ಬಿದ್ದಿರುತ್ತವೆ. ಇಲಿ ಓಡಿದರೆ ಒಂದು ಉರುಳುತ್ತದೆ. ಅದು ಇನ್ನೊಂದಕ್ಕೆ ತಾಕುತ್ತದೆ. ಒಣಗಿದ ಗಿಟುಕು ಒಳಗಿನಿಂದ ಚಿಪ್ಪನ್ನು ಬಡಿಯುತ್ತದೆ. ಮಧ್ಯರಾತ್ರಿ ಎಚ್ಚರವಾದ ಮಗುವಿಗೆ ಅದು ಇಲಿಯೆಂದು ತೋರುವುದಿಲ್ಲ. ಮೇಲೆ ಯಾರೋ ಕುಳಿತು ಒಂದೊಂದಾಗಿ ಎಣಿಸುತ್ತಿದ್ದಾರೆ ಎನ್ನಿಸುತ್ತದೆ.

ನಮ್ಮಜ್ಜಿ ಹೇಳುತ್ತಿದ್ದ ಕಥೆ ಆ ಎಣಿಕೆಯದೇ.

ಒಂದೂರಲ್ಲಿ ಒಂದು ತುಂಬಿದ ಮನೆ. ಆ ಮನೆಗೆ ಸೊಸೆಯಾಗಿ ಬಂದವಳಿಗೆ ತೌರಿನಲ್ಲಿ ಇದ್ದವನು ತಮ್ಮನೊಬ್ಬನೇ. ಒಂದು ದಿನ ಅವನು ಅಕ್ಕನನ್ನು ನೋಡಲು ನಡೆದುಕೊಂಡು ಬಂದ. ಬರಿಗೈಲಿ ಕಳಿಸಲಾರದೆ ಅವಳು ಅಟ್ಟದಿಂದ ಎರಡು ಕಾಯಿ ಇಳಿಸಿ ಅವನ ವಸ್ತ್ರದಲ್ಲಿ ಕಟ್ಟಿಕೊಟ್ಟಳು. ಮಾರನೆಯ ದಿನ ಅತ್ತೆ ಎಣಿಸಿದಾಗ ಎರಡು ಕಡಿಮೆ. ಅತ್ತೆ ಬೈಯಲಿಲ್ಲ, ಹೊಡೆಯಲಿಲ್ಲ. 'ನೀನೇ ಹತ್ತಿ ಎಣಿಸು. ಲೆಕ್ಕ ಸರಿಯಾದ ಮೇಲೆ ಇಳಿ' ಎಂದರು. ಸೊಸೆ ಹತ್ತಿದಳು. ಅತ್ತೆ ಏಣಿ ತೆಗೆದರು. ರಾತ್ರಿಯಾಯಿತು. ಗಂಡ ಉಂಡು ಮಲಗಿದ. ಮಾವ ಉಂಡು ಮಲಗಿದ. ಎಲ್ಲರಿಗೂ ಮೇಲೆ ಎಣಿಸುವುದು ಕೇಳುತ್ತಿತ್ತು. ಬೆಳಗಿನ ಜಾವ ಸದ್ದು ನಿಂತಿತು. ಏಣಿ ಇಟ್ಟು ಹತ್ತಿ ನೋಡಿದರೆ ಅವಳು ಇರಲಿಲ್ಲ. ಹಿತ್ತಿಲ ಬಾವಿಯಲ್ಲಿ ಸಿಕ್ಕಿದಳೆಂದು ಕೆಲವರು ಹೇಳುತ್ತಿದ್ದರು; ಸಿಕ್ಕಲೇ ಇಲ್ಲವೆಂದು ಕೆಲವರು. ಅಲ್ಲಿಂದ ಮುಂದೆ ಆ ಮನೆಯ ಅಟ್ಟಕ್ಕೆ ಎಷ್ಟು ಕಾಯಿ ಹಾಕಿದರೂ ಇಳಿಸುವಾಗ ಎರಡು ಕಡಿಮೆ. ಸಾವಿರ ಹಾಕಿದರೆ ಒಂಬೈನೂರ ತೊಂಬತ್ತೆಂಟು. ಅತ್ತೆ ಉಪಾಯ ಮಾಡಿ ಸಾವಿರದೆರಡು ಹಾಕಿದರು. ಇಳಿಸಿದಾಗ ಸಾವಿರ, ಆದರೂ ಎರಡು ಕಡಿಮೆಯೇ. ಅತ್ತೆ ಸತ್ತರು, ಅವರ ಮಗ ಸತ್ತ, ಲೆಕ್ಕ ಮಾತ್ರ ಸರಿಹೋಗಲಿಲ್ಲ.

'ಅವಳು ಯಾರನ್ನೂ ಹಿಡ್ಕೊಳ್ಳಲಿಲ್ವಾ ಅಜ್ಜಿ?' ಎಂದು ನಾನು ಕೇಳುತ್ತಿದ್ದೆ. ದೆವ್ವವೆಂದ ಮೇಲೆ ಯಾರನ್ನಾದರೂ ಹಿಡಿಯಬೇಕು, ಬೇವಿನ ಸೊಪ್ಪಿನಲ್ಲಿ ಬಿಡಿಸಬೇಕು ಎಂಬುದು ನನ್ನ ಎಣಿಕೆ.

'ಅವ್ಳ್ಯಾಕೆ ಹಿಡೀತಾಳೆ ಮಗ? ಅವ್ಳು ಲೆಕ್ಕ ಕೇಳಕ್ಕೆ ಬತ್ತಾಳೆ ಅಷ್ಟೆ.'

ಕಥೆ ಯಾವುದೋ ಒಂದೂರಿನದು. ಆದರೆ ಆ ಅಟ್ಟದ ಏಣಿಗೆ ಒಂಬತ್ತು ಮೆಟ್ಟಿಲು, ಮೂರನೆಯದು ಸೀಳಿತ್ತು. ಅಟ್ಟದ ಮೂಡಲ ಗೋಡೆಯಲ್ಲಿ ಅಂಗೈಯಗಲದ ಬೆಳಕಿಂಡಿಯಿತ್ತು. ನಮ್ಮ ಮನೆಯ ಏಣಿಗೂ ಒಂಬತ್ತೇ ಮೆಟ್ಟಿಲು. ಮೂರನೆಯದಕ್ಕೆ ತಂತಿ ಸುತ್ತಿದೆ. ಇನ್ನೂ ಒಂದು ಮಾತು. ಅಟ್ಟಕ್ಕೆ ಕಾಯಿ ಹಾಕಿಸುವ ದಿನ ಅಜ್ಜಿ ತಾವೇ ಬಂದು ನಿಂತು, ಎಣಿಕೆ ಶುರುವಾಗುವ ಮುಂಚೆ ಎರಡು ಕಾಯಿಗಳನ್ನು ಮೂಡಲ ಮೂಲೆಗೆ ಇಡಿಸುತ್ತಿದ್ದರು. 'ಅವು ಲೆಕ್ಕಕ್ಕಿಲ್ಲ' ಎನ್ನುವರು. ವರ್ಷ ಕಳೆದು ಕಾಯಿ ಇಳಿಸಿದಾಗ ಆ ಎರಡು ಮಾರಾಟಕ್ಕೆ ಹೋಗುತ್ತಿರಲಿಲ್ಲ. ಕೊಬ್ಬರಿ ಒಡೆಯಲು ಬಂದ ಹೆಂಗಸರಲ್ಲಿ ಒಬ್ಬರಿಗೆ ಎಲೆ ಅಡಿಕೆಯೊಂದಿಗೆ ಮಡಿಲಿಗೆ ಹಾಕುತ್ತಿದ್ದರು. ನಮ್ಮ ತಂದೆ ಇದನ್ನು ದೇವರ ಮುಡಿಪೆಂದು ತಿಳಿದಿದ್ದರು. ತಾತನೂ ಹಾಗೆಯೇ ತಿಳಿದಿದ್ದರಂತೆ. ಒಂದೇ ಸೂರಿನ ಕೆಳಗೆ ಐವತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ ತಿಳಿಯದ ಸಂಗತಿ ಕೂಲಿಗೆ ಬಂದ ಹೆಂಗಸರಿಗೆಲ್ಲ ತಿಳಿದಿತ್ತು.

ಬಿ.ಎ. ತರಗತಿಗೆ ಬಂದು ಆಂಗ್ಲ ಸಾಹಿತ್ಯ ಓದತೊಡಗಿದ ಮೇಲೆ, ಸಾವಿರಾರು ಮೈಲಿ ಆಚೆಯ ಹೆಂಗಸರೂ ಹೀಗೆಯೇ ದೆವ್ವಗಳನ್ನು ಮನೆಯೊಳಗಿಟ್ಟುಕೊಂಡಿದ್ದರೆಂದು ತಿಳಿದು ನನಗೆ ಬಹಳ ಸಂತೋಷವಾಯಿತು. ಎಲಿಜಬೆತ್ ಗ್ಯಾಸ್ಕೆಲ್ ಎಂಬಾಕೆಯ 'ದಿ ಓಲ್ಡ್ ನರ್ಸಸ್ ಸ್ಟೋರಿ' ಎಂಬ ಕಥೆಯನ್ನು ನಮ್ಮ ಗೆಳೆಯ ಗೆಳತಿಯರೆಲ್ಲ ಓದಬೇಕೆಂದು ನನ್ನ ಆಸೆ. ಅದು 1852ರಲ್ಲಿ ಡಿಕನ್ಸ್ ನಡೆಸುತ್ತಿದ್ದ 'ಹೌಸ್‌ಹೋಲ್ಡ್ ವರ್ಡ್ಸ್' ಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆಯಲ್ಲಿ ಅಚ್ಚಾಯಿತು. ಹೇಳುವವಳು ಒಬ್ಬ ಮುದಿ ದಾದಿ, ಕೇಳುವವರು ಮಕ್ಕಳು. ಅಂದರೆ ಅದೂ ಅಜ್ಜಿಯ ಕಥೆಯೇ. ದೊಡ್ಡ ಮನೆಯೊಂದರಲ್ಲಿ ಅಕ್ಕತಂಗಿಯರು. ಅವರಲ್ಲೊಬ್ಬಳು ಪರದೇಶದ ಸಂಗೀತಗಾರನನ್ನು ಗುಟ್ಟಾಗಿ ಮದುವೆಯಾಗಿ ಹೆಣ್ಣು ಮಗುವನ್ನು ಹೆತ್ತಿದ್ದಾಳೆ. ಇನ್ನೊಬ್ಬಳು ಹೊಟ್ಟೆಕಿಚ್ಚಿನಿಂದ ಅದನ್ನು ತಂದೆಗೆ ತಿಳಿಸುತ್ತಾಳೆ. ತಂದೆ ಮಗಳನ್ನೂ ಮೊಮ್ಮಗಳನ್ನೂ ಹಿಮ ಸುರಿಯುವ ರಾತ್ರಿಯಲ್ಲಿ ಮನೆಯಿಂದ ಅಟ್ಟುತ್ತಾನೆ, ಮಗು ಸಾಯುತ್ತದೆ. ಎಷ್ಟೋ ವರ್ಷಗಳ ಮೇಲೆ, ಚಾಡಿ ಹೇಳಿದವಳು ಮುದುಕಿಯಾಗಿ ಅದೇ ಮನೆಯಲ್ಲಿ ಬದುಕಿದ್ದಾಳೆ. ಚಳಿಗಾಲ ಬಂತೆಂದರೆ ಆ ಮಗು ಬಂದು ಕಿಟಕಿ ಬಡಿಯುತ್ತದೆ. ಕೊನೆಗೊಂದು ರಾತ್ರಿ ಹಳೆಯದೆಲ್ಲ ಮನೆಯವರ ಕಣ್ಣೆದುರಿಗೆ ಮತ್ತೆ ನಡೆಯುತ್ತದೆ. ಮುದುಕಿ ಆ ನೆರಳುಗಳ ನಡುವೆ ಪ್ರಾಯದ ತನ್ನನ್ನೇ ನೋಡುತ್ತಾಳೆ, ಮರುಕವಿಲ್ಲದ ಮುಖ ಹೊತ್ತು ನಿಂತವಳನ್ನು. ಅಷ್ಟಕ್ಕೇ ಕುಸಿದು ಬೀಳುತ್ತಾಳೆ.

ಈ ಕಥೆಯ ಬಗ್ಗೆ ಒಂದು ಪ್ರಸಂಗವುಂಟು. ಕೊನೆಯಲ್ಲಿ ಆ ನೆರಳುಗಳು ಮಗುವೊಂದಕ್ಕೇ ಕಾಣಲಿ, ಉಳಿದವರಿಗೆ ಕಾಣುವುದು ಬೇಡ ಎಂದು ಡಿಕನ್ಸ್ ಸೂಚಿಸಿದನಂತೆ. ಕಥೆಗಾರನಾಗಿ ಅವನ ಮಾತು ತೆಗೆದುಹಾಕುವಂಥದಲ್ಲ. ಒಬ್ಬರಿಗೇ ಕಂಡರೆ ನಿಜವೋ ಭ್ರಮೆಯೋ ಎಂಬ ಸಂಶಯ ಉಳಿಯುತ್ತದೆ, ಓದುವವರ ಎದೆ ಹೆಚ್ಚು ಹೊಡೆದುಕೊಳ್ಳುತ್ತದೆ. ಆದರೆ ಗ್ಯಾಸ್ಕೆಲ್ ಒಪ್ಪಲಿಲ್ಲ. ಎಲ್ಲರಿಗೂ ಕಾಣಲೇಬೇಕು ಎಂದು ಹಟ ಹಿಡಿದಳು. ಕಥೆ ಹಾಗೆಯೇ ಅಚ್ಚಾಯಿತು. ಅವಳ ಹಟವೇ ಸರಿಯೆಂದು ನನ್ನ ಅಭಿಪ್ರಾಯ. ಹೆದರಿಸುವುದೇ ಗುರಿಯಾದರೆ ಒಬ್ಬರಿಗೆ ಕಂಡರೂ ಸಾಕು. ಮನೆಯವರೆಲ್ಲ ಕೂಡಿ ಮಾಡಿದ್ದನ್ನು ಮನೆಯವರೆಲ್ಲ ನೋಡಬೇಕಾದರೆ ಡಿಕನ್ಸನ ಉಪಾಯ ನಡೆಯದು. ನಮ್ಮಜ್ಜಿಯ ಕಥೆಯಲ್ಲಿ ನನಗೆ ಎಂದೂ ಮರೆಯದ ಜಾಗ ಬಾವಿಯಲ್ಲ. ಗಂಡ ಉಂಡು ಮಲಗಿದ, ಮಾವ ಉಂಡು ಮಲಗಿದ, ಎಲ್ಲರಿಗೂ ಮೇಲೆ ಎಣಿಸುವುದು ಕೇಳುತ್ತಿತ್ತು ಎಂಬ ಜಾಗ. ಅಜ್ಜಿ ಅಲ್ಲಿ ದನಿ ಏರಿಸುತ್ತಿರಲಿಲ್ಲ. ಚಿಪ್ಪು ಒಡೆಯುವ ಕೈಯನ್ನು ಮಾತ್ರ ಒಂದು ಗಳಿಗೆ ನಿಲ್ಲಿಸುತ್ತಿದ್ದರು.

ಅಟ್ಟವೆಂದ ಕೂಡಲೆ ಆಂಗ್ಲ ವಿದ್ಯಾರ್ಥಿಗಳಿಗೆಲ್ಲ 'ಜೇನ್ ಏರ್' ನೆನಪಾಗುತ್ತದೆ. 1847ರಲ್ಲಿ ಶಾರ್ಲಟ್ ಬ್ರಾಂಟೆ ಗಂಡಸಿನದೆಂದು ತೋರುವ ಕರರ್ ಬೆಲ್ ಎಂಬ ಹುಸಿ ಹೆಸರಿನಲ್ಲಿ ಪ್ರಕಟಿಸಿದ ಕಾದಂಬರಿಯದು. ರಾತ್ರಿ ಮೇಲಿನ ಅಂತಸ್ತಿನಿಂದ ನಗು ಕೇಳುತ್ತದೆ, ಹಾಸಿಗೆಗೆ ಬೆಂಕಿ ಬೀಳುತ್ತದೆ; ಓದುವವರು ದೆವ್ವವೆಂದೇ ನಡುಗುತ್ತಾರೆ. ಕೊನೆಗೆ ನೋಡಿದರೆ ಅದು ಯಜಮಾನನ ಮೊದಲನೆಯ ಹೆಂಡತಿ. ಹುಚ್ಚಿಯೆಂದು ಕೂಡಿಹಾಕಿದ್ದಾನೆ. ಬ್ರಾಂಟೆ ಅವಳಿಗೆ ನಗು ಕೊಟ್ಟಳು, ಬೆಂಕಿ ಕೊಟ್ಟಳು, ಮಾತು ಕೊಡಲಿಲ್ಲ. ಆ ಮಾತನ್ನು ಕೊಟ್ಟವಳು ನೂರು ವರ್ಷಗಳ ಮೇಲೆ, ವೆಸ್ಟ್ ಇಂಡೀಸಿನಲ್ಲಿ ಹುಟ್ಟಿದ ಜೀನ್ ರೈಸ್ ಎಂಬ ಇನ್ನೊಬ್ಬಾಕೆ, 1966ರ 'ವೈಡ್ ಸರ್ಗಾಸೋ ಸೀ' ಎಂಬ ಕಾದಂಬರಿಯಲ್ಲಿ. ಅಟ್ಟದ ಮೇಲೆ ಸದ್ದು ಮಾಡುವವಳು ಅಲ್ಲಿಗೆ ಹೇಗೆ ಬಂದಳು ಎಂದು ಕೇಳಲು ಇನ್ನೊಬ್ಬ ಹೆಣ್ಣು ಏಣಿ ಹತ್ತಬೇಕಾಯಿತು. ಇಂಥವನ್ನು ಬರೆದವರಲ್ಲಿ ಎಷ್ಟು ಮಂದಿ ತಮ್ಮ ಹೆಸರನ್ನು ಮರೆಮಾಡಿದ್ದರೆಂಬುದೂ ಒಂದು ವಿಚಿತ್ರವೇ. ಬ್ರಾಂಟೆಯದು ಹುಸಿ ಹೆಸರು. 'ಹೌಸ್‌ಹೋಲ್ಡ್ ವರ್ಡ್ಸ್'ನಲ್ಲಂತೂ ಲೇಖಕರ ಹೆಸರನ್ನೇ ಅಚ್ಚು ಮಾಡುತ್ತಿರಲಿಲ್ಲ. ನಮ್ಮ ತ್ರಿವೇಣಿಯೂ ಕಾವ್ಯನಾಮವೇ. ನಿಜವಾದ ಹೆಸರು ಅನಸೂಯಾ ಶಂಕರ್.

ತ್ರಿವೇಣಿಯವರ ಹೆಸರು ಬಂದದ್ದರಿಂದ ಕನ್ನಡದ ಮಾತನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ ಹೆಂಗಸರ ದೆವ್ವಗಳು ಅಚ್ಚಿಗೆ ಹೋದವು. ನಮ್ಮಲ್ಲಿ ಬಹುಮಟ್ಟಿಗೆ ಬಾಯಲ್ಲೇ ಉಳಿದವು. ಲೇಖಣಿ ಹಿಡಿದ ನಮ್ಮ ಹೆಂಗಸರಿಗೆ ದೆವ್ವಕ್ಕಿಂತ ಹೊರೆಯಾದ ಕೆಲಸಗಳಿದ್ದವು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರು (1928–1963) 'ಶರಪಂಜರ'ದಲ್ಲಿ ಮಾಡಿದ್ದನ್ನು ನೋಡಿ. ಹೆರಿಗೆಯ ಮೇಲೆ ಕಾವೇರಿಯ ಮನಸ್ಸು ಕದಡುತ್ತದೆ. ಒಂದು ತಲೆಮಾರು ಹಿಂದಾಗಿದ್ದರೆ 'ಬಾಣಂತಿಗೆ ಗಾಳಿ ಸೋಕಿದೆ' ಎಂದು ಮಂತ್ರವಾದಿಯನ್ನು ಕರೆಸುತ್ತಿದ್ದರು. ತ್ರಿವೇಣಿಯವರು ಆ ಗಾಳಿಯನ್ನು ಹೊರಗಟ್ಟಿ ಅದು ಕಾಯಿಲೆಯೆಂದು ತೋರಿಸಿದರು. ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಬಂದರೆ ಮನೆಯವರೂ ನೆರೆಯವರೂ ಅವಳನ್ನು ನೋಡುವ ಕಣ್ಣು ಮಾತ್ರ ದೆವ್ವ ನೋಡುವ ಕಣ್ಣೇ! 1971ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವರ ಅಭಿನಯ ಕಂಡವರು ಅದನ್ನು ಮರೆಯಲಾರರು. ದೆವ್ವವಿಲ್ಲದ ದೆವ್ವದ ಕಥೆಯೊಂದು ಕನ್ನಡದಲ್ಲಿದ್ದರೆ ಅದು ಇದೇ ಎಂದು ನಾನು ಹೇಳಿದರೆ ವಿಮರ್ಶಕರು ಕ್ಷಮಿಸಲಿ.

ಬಾಣಂತಿಯ ದೆವ್ವದ ಮಾತು ಬಂತು. ನಮ್ಮ ಕಡೆಯ ಕಥೆಗಳಲ್ಲಿ ಅತಿ ಹೆಚ್ಚು ಇರುವವಳು ಅವಳೇ. ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣ, ಬಾಗಿಲಿಗೆ ಬೇವಿನ ಸೊಪ್ಪು, ಹೊಸಿಲಲ್ಲಿ ಪೊರಕೆ, ಇವೆಲ್ಲ ಅವಳಿಗಾಗಿಯೇ. ಇದನ್ನು ಮೂಢನಂಬಿಕೆಯೆಂದು ನಗುವುದು ಸುಲಭ. ಆದರೆ ಹೆರಿಗೆಗೆಂದು ಕೋಣೆ ಹೊಕ್ಕವರು ಎಷ್ಟು ಮಂದಿ ಹೊರಗೆ ಬರಲಿಲ್ಲ ಎಂಬುದನ್ನು ಆ ಕಬ್ಬಿಣವಿಟ್ಟ ಕೈಗಳು ಬಲ್ಲವು. ದೂರದ ಕಾಲ ಬೇಡ. 2004–06ರಲ್ಲಿ ಕೂಡ ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರೆಂದು ಸರ್ಕಾರದ ಲೆಕ್ಕ. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಬಾಣಂತಿ ದೆವ್ವ ಕಡಿಮೆಯಾದದ್ದಕ್ಕೆ ವಿದ್ಯುದ್ದೀಪ ಕಾರಣವೆಂದು ನಮ್ಮೂರಿನ ಹಿರಿಯರೊಬ್ಬರ ವಾದ. ಆಸ್ಪತ್ರೆಯ ಹೆರಿಗೆ ಕಾರಣವೆಂದು ನನ್ನ ವಾದ.

ಇನ್ನು 'ನಾಳೆ ಬಾ' ದೆವ್ವ. 1990ರ ದಶಕದಲ್ಲಿ ಬೆಂಗಳೂರಿನಿಂದ ಹಳ್ಳಿಗಳವರೆಗೆ ಮನೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲೋ ಇದ್ದಲಿನಲ್ಲೋ ಆ ಎರಡು ಪದ ಬರೆದಿದ್ದರಂತೆ. ರಾತ್ರಿ ಹೆಣ್ಣು ದೆವ್ವವೊಂದು ಬಂದು ಮನೆಯವರ ದನಿಯಲ್ಲಿ ಕರೆಯುತ್ತದೆ, ಓಗೊಟ್ಟರೆ ಸಾವು. ಬಾಗಿಲ ಮೇಲಿನ ಬರಹ ಓದಿಕೊಂಡು ಹಿಂದಿರುಗಿ ಹೋಗುತ್ತದೆ, ಮರುದಿನ ಬಂದರೂ ಬರಹ ಅದೇ. ಕನ್ನಡ ಓದಬಲ್ಲ, ಓದಿದ್ದನ್ನು ಚಾಚೂ ತಪ್ಪದೆ ಪಾಲಿಸಬಲ್ಲ ಈ ದೆವ್ವವನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಕನಿಕರವೂ ಆಗುತ್ತದೆ. ತೌರಿಗೆ ಹೋಗಿಬರುತ್ತೇನೆಂದವಳಿಗೆ, ಓದುತ್ತೇನೆಂದವಳಿಗೆ, ಕೂಲಿ ಕೇಳಲು ಬಂದವಳಿಗೆ ನಮ್ಮ ಬಾಗಿಲುಗಳು ಹೇಳುತ್ತ ಬಂದದ್ದು ಬೇರೇನು? ಈ ಮಾತನ್ನು ನಮ್ಮ ತರಗತಿಯಲ್ಲಿ ಹೇಳಿದಾಗ ಹುಡುಗರು ಕೂಗಿದರು. ಕೊನೆಯ ಬೆಂಚಿನ ಒಬ್ಬ ಮಾತ್ರ 'ತಾಲ್ಲೂಕು ಕಛೇರಿಯಲ್ಲಿ ನಮ್ಮಪ್ಪನಿಗೂ ಅದನ್ನೇ ಹೇಳುತ್ತಾರೆ' ಎಂದ. ಅವನ ಮಾತೂ ನಿಜವೇ.

ನನ್ನನ್ನು ಬಹಳ ದಿನ ಕಾಡಿದ್ದು ಹೆಸರು. ಹುಡುಗಿಯಾಗಿದ್ದಾಗ ದೆವ್ವ ಏನು ಮಾಡಿತೆಂದು ಕೇಳುತ್ತಿದ್ದವಳು, ಕಾಲೇಜಿಗೆ ಬಂದ ಮೇಲೆ ಒಮ್ಮೆ ಬೇರೆ ಪ್ರಶ್ನೆ ಕೇಳಿದೆ. 'ಅಜ್ಜಿ, ಅವಳ ಹೆಸರೇನು?'

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. 'ನಂಗೆ ಈ ಕಥೆ ಹೇಳಿದ್ದು ನಮ್ಮತ್ತೆ. ಅವರಿಗೆ ಅವರತ್ತೆ. ನಾನೂ ಕೇಳಿದ್ದೆ ಕಣವ್ವ ಹೆಸರ. ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದೋರು ಹೇಳಲಿಲ್ಲ.'

ಈ ಉತ್ತರದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಹೆಸರಿಲ್ಲದ್ದಲ್ಲ, ಕಥೆ ಬಂದ ದಾರಿ. ಅತ್ತೆಯ ಕ್ರೌರ್ಯದ ಕಥೆಯನ್ನು ತಲೆತಲಾಂತರದಿಂದ ಸೊಸೆಗೆ ಹೇಳುತ್ತ ಬಂದವರು ಅತ್ತೆಯರೇ! ಮೊಟ್ಟಮೊದಲು ಹೇಳಿದವರು ಯಾರು? ಏಣಿ ತೆಗೆದ ಕೈಯವರೇ ಮುಂದಿನ ಸೊಸೆಗೆ ಹೇಳಿದರೆ? ಗ್ಯಾಸ್ಕೆಲಳ ಮುದುಕಿ ತನ್ನ ಪ್ರಾಯದ ಮುಖವನ್ನು ಕಂಡಂತೆ, ತಮ್ಮನ್ನು ತಾವೇ 'ಒಂದೂರಿನ ಒಬ್ಬ ಅತ್ತೆ' ಎಂದು ಕರೆದುಕೊಂಡು ಹೇಳಿದರೆ? ಇದು ನನ್ನ ಊಹೆ. ಆದರೆ ಹೊರಗಿನವರು ಕಟ್ಟಿದ ಕಥೆಗೆ ಆ ಸಾವಿರದೆರಡರ ಉಪಾಯ ಹೊಳೆಯಲಾರದು. ಅದು ರಾತ್ರಿಯೆಲ್ಲ ನಿದ್ದೆಗೆಟ್ಟವರಿಗೆ ಮಾತ್ರ ಹೊಳೆಯುವ ಲೆಕ್ಕ.

ಎ.ಕೆ. ರಾಮಾನುಜನ್ ಅವರು ಕನ್ನಡದಿಂದ ಇಂಗ್ಲಿಷಿಗೆ ಕೊಟ್ಟ ಒಂದು ಜನಪದ ಕಥೆಯುಂಟು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ. ಅವಳು ಯಾರಿಗೂ ಹೇಳುವುದಿಲ್ಲ, ಹಾಡುವುದಿಲ್ಲ. ಉಸಿರುಕಟ್ಟಿದ ಕಥೆಯೂ ಹಾಡೂ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು ಗಂಡಸಿನ ಮೆಟ್ಟು, ಅಂಗಿಗಳಾಗಿ ಬಾಗಿಲಲ್ಲಿ ಕೂರುತ್ತವೆ. ಗಂಡ ಬಂದು ನೋಡಿ ಸಂಶಯಪಟ್ಟು ಜಗಳವಾಡುತ್ತಾನೆ. ಗಿರೀಶ ಕಾರ್ನಾಡರ 'ನಾಗಮಂಡಲ'ವನ್ನು (1988) ಬಲ್ಲವರಿಗೆ ಇದು ಪರಿಚಿತ. ಹೇಳದೆ ಉಳಿದ ಕಥೆ ಹೇಳದವಳ ಸಂಸಾರವನ್ನೇ ಕೆಡಿಸುತ್ತದೆಂದು ನಮ್ಮ ಜನಪದರಿಗೆ ಗೊತ್ತಿತ್ತು. ಬಹುಶಃ ನಮ್ಮ ಮನೆಯ ಆ ಮೊದಲ ಅತ್ತೆಗೂ ಗೊತ್ತಿತ್ತು.

ನಮ್ಮ ನಾಡಿನ ಇನ್ನೊಬ್ಬ ಸೊಸೆಯನ್ನು ಇಲ್ಲಿ ನೆನೆಯಬೇಕು, 'ಕೆರೆಗೆ ಹಾರ'ದ ಭಾಗೀರಥಿಯನ್ನು. ಕೆರೆಯಲ್ಲಿ ನೀರು ಬರಲಿಲ್ಲವೆಂದು ಕಿರಿಯ ಸೊಸೆಯನ್ನು ಬಲಿ ಕೊಡಲು ಹಿರಿಯರು ನಿಶ್ಚಯಿಸುತ್ತಾರೆ. ಅವಳಿಗೆ ತಿಳಿದುಹೋಗುತ್ತದೆ. ತೌರಿಗೆ ಹೋದರೂ ತಂದೆತಾಯಿಗೆ ಹೇಳದೆ ಬೇರೇನೋ ನೆವ ಹೇಳುತ್ತಾಳೆ. ನಿಜ ಹೇಳುವುದು ಗೆಳತಿಯೊಬ್ಬಳಿಗೇ. ಆಮೇಲೆ ಗಂಡ ದಂಡಿನಿಂದ ಮರಳಿ ಬಂದು, ತಿಳಿದು, ತಾನೂ ಕೆರೆಗೆ ಹಾರುತ್ತಾನೆ. ಭಾಗೀರಥಿ ದೆವ್ವವಾಗಲಿಲ್ಲ. ಅವಳಿಗೆ ಹಾಡು ಸಿಕ್ಕಿತು, ಹೆಸರು ಉಳಿಯಿತು, ಅಳಲು ಗಂಡನಿದ್ದ. ನಮ್ಮ ಅಟ್ಟದವಳಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ; ಆದ್ದರಿಂದಲೇ ಎಣಿಸುತ್ತ ಕುಳಿತಳು ಎಂದು ನನಗೆ ತೋರುತ್ತದೆ. ಹಾಡು ಹಿರಿಯರನ್ನು ಏನೂ ಕೇಳದೆ ಭಾಗೀರಥಿಯನ್ನು ಹೊಗಳುತ್ತದೆ. ದೆವ್ವದ ಕಥೆ ಯಾರನ್ನೂ ಹೊಗಳುವುದಿಲ್ಲ. ಎರಡರಲ್ಲಿ ಆರಿಸೆಂದರೆ ನಾನು ದೆವ್ವದ ಕಥೆಯನ್ನೇ ಆರಿಸುತ್ತೇನೆ.

ಹೆಸರಿನ ಈ ಸಂಕಟ ನಮಗೊಬ್ಬರಿಗೇ ಅಲ್ಲ. ಅಮೆರಿಕದ ನೀಗ್ರೋ ಜನರ ಬದುಕನ್ನು ಬರೆದ ಟೋನಿ ಮಾರಿಸನ್ (1993ರಲ್ಲಿ ಅವರಿಗೆ ನೊಬೆಲ್ ಬಂತು) ಅವರ 'ಬಿಲವೆಡ್' (1987) ಕಾದಂಬರಿಯಲ್ಲಿ ಮನೆಗೆ ಮರಳಿ ಬರುವ ದೆವ್ವ ಒಂದು ಮಗು. ಮತ್ತೆ ಗುಲಾಮಗಿರಿಗೆ ಬೀಳದಿರಲೆಂದು ತಾಯಿಯೇ ಕೊಂದ ಮಗು. 1856ರಲ್ಲಿ ಮಾರ್ಗರೆಟ್ ಗಾರ್ನರ್ ಎಂಬ ತಾಯಿ ಹಾಗೆ ಮಾಡಿದ್ದು ಚರಿತ್ರೆ. ಕಾದಂಬರಿಯಲ್ಲಿ ಗೋರಿಗಲ್ಲಿನ ಮೇಲೆ ಕೆತ್ತಿಸಲು ಆ ತಾಯಿಗೆ ಸಾಧ್ಯವಾದದ್ದು ಒಂದೇ ಒಂದು ಪದ, 'ಪ್ರೀತಿಪಾತ್ರಳು' ಎಂದು. ಮಗುವಿನ ನಿಜವಾದ ಹೆಸರು ಕೊನೆಯವರೆಗೂ ನಮಗೆ ತಿಳಿಯುವುದಿಲ್ಲ. ಅದನ್ನೋದಿದ ರಾತ್ರಿ ನಾನು ಅಟ್ಟವನ್ನು ನೋಡುತ್ತ ಮಲಗಿದ್ದೆ. ಅಟ್ಟ ಆಗ ಖಾಲಿಯಿತ್ತು.

ಅಜ್ಜಿ ತೀರಿಕೊಂಡ ವರ್ಷ ಜಮೀನು ಪಾಲಾಯಿತು. ವಂಶವೃಕ್ಷ ಬೇಕೆಂದರು. ನಮ್ಮ ತಂದೆ ಐದು ತಲೆಮಾರಿನ ಗಂಡಸರ ಹೆಸರನ್ನು ಬಾಯಲ್ಲೇ ಹೇಳಿ ಬರೆಸಿದರು. ಹೆಂಗಸರ ಹೆಸರಿಗೆ ಬಂದಾಗ ತಡವರಿಸಿ, ತಾತ ಬರೆದಿಟ್ಟ ಹಳೆಯ ಕಡತ ತೆಗೆಸಿದರು. ಅದರಲ್ಲಿ ಮೇಲಿನ ಒಂದು ಸಾಲಿನಲ್ಲಿ ಒಬ್ಬ ಹಿರಿಯರ ಹೆಸರಿನ ಪಕ್ಕ ಎರಡು ಗೆರೆ ಎಳೆದಿತ್ತು. ಎರಡನೆಯ ಗೆರೆಯ ತುದಿಯಲ್ಲಿ ಹೆಂಡತಿಯ ಹೆಸರು, ಅವಳ ಮಕ್ಕಳ ಹೆಸರು. ಮೊದಲನೆಯ ಗೆರೆಯ ತುದಿಯಲ್ಲಿ 'ಮೊದಲನೆಯವಳು. ಸಂತಾನವಿಲ್ಲ' ಎಂದಷ್ಟೇ ಬರೆದಿತ್ತು. ಅವಳೇ ಇವಳೆಂದು ನಾನು ಹೇಳಲಾರೆ. ಹೇಳಬಲ್ಲವರು ಯಾರೂ ಉಳಿದಿಲ್ಲ. ಹೊಸ ವಂಶವೃಕ್ಷದಲ್ಲಿ, ಸಂತಾನವಿಲ್ಲದ ಗೆರೆ ಪಾಲಿಗೆ ಸಂಬಂಧಪಟ್ಟದ್ದಲ್ಲವೆಂದು, ಅದನ್ನು ಬಿಟ್ಟರು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ನಮ್ಮ ಮನೆಯಲ್ಲಿ ಮುತ್ತೈದೆಯಾಗಿ ಸತ್ತವರಿಗೆಂದು ಒಂದು ಸೀರೆಯಿಡುವ ಪದ್ಧತಿಯಿದೆ. ಹೆಸರು ಹೇಳದೆಯೇ ಇಡುತ್ತಾರೆ.

ನಮ್ಮ ದೊಡ್ಡಪ್ಪನ ಪಾಲಿಗೆ ಬಂದ ಆ ಮನೆಯಲ್ಲಿ ಈಗ ಕಾಯಿ ಅಟ್ಟಕ್ಕೆ ಏರುವುದಿಲ್ಲ. ತೋಟದಲ್ಲಿ ಬೇರೆ ಶೆಡ್ಡು ಕಟ್ಟಿಸಿದ್ದಾರೆ. ಕಾಯಿ ತುಂಬುವ ದಿನ ದೊಡ್ಡಮ್ಮ ಅಲ್ಲಿಗೂ ಹೋಗಿ ಎರಡು ಕಾಯಿ ಮೂಲೆಗೆ ಇಡಿಸಿದರಂತೆ. ಯಾಕೆ ಎಂದು ಅವರ ಮಗ ಕೇಳಿದ್ದಕ್ಕೆ 'ಲೆಕ್ಕಕ್ಕಿಲ್ಲ' ಎಂದರಂತೆ.

ಈ ಲೇಖನ ಬರೆಯುವ ಮುನ್ನ ನಮ್ಮ ತರಗತಿಯ ಗೆಳತಿಯರನ್ನೆಲ್ಲ ಅವರವರ ಮನೆಯ ದೆವ್ವದ ಕಥೆ ಕೇಳಿಕೊಂಡು ಬರಲು ಬೇಡಿಕೊಂಡೆ. ತುರುವೇಕೆರೆಯ ಕಡೆಯವಳೊಬ್ಬಳು ಬಾವಿಯ ಕಥೆ ತಂದಳು. ಚಿಕ್ಕನಾಯಕನಹಳ್ಳಿಯ ಕಡೆಯವಳು ಒಲೆಯ ಮುಂದೆ ಬೆನ್ನು ಮಾಡಿ ಕೂರುವವಳ ಕಥೆ ತಂದಳು. ಅದನ್ನು ಕೇಳಿ ಹಾಸ್ಟೆಲಿನಲ್ಲಿ ಎರಡು ರಾತ್ರಿ ಯಾರೂ ಒಬ್ಬೊಬ್ಬರೇ ನೀರು ಕುಡಿಯಲು ಏಳಲಿಲ್ಲ. ಒಬ್ಬಳ ಮನೆಯಲ್ಲಿ 'ಕಾಲೇಜಿನಲ್ಲಿ ಅದನ್ನೆಲ್ಲ ಹೇಳಬೇಡ' ಎಂದು ಗದರಿಸಿ ಕಳಿಸಿದರು. ಅದು ಎಲ್ಲಕ್ಕಿಂತ ಒಳ್ಳೆಯ ಕಥೆಯಿರಬೇಕೆಂದು ನನ್ನ ಗುಮಾನಿ. ಯಾರ ಕಥೆಯಲ್ಲಿಯೂ ಹೆಸರಿರಲಿಲ್ಲ, ಒಬ್ಬಳ ಕಥೆಯಲ್ಲಿ ಹೊರತು. ಅವಳ ತಾಯಿ ರೊಟ್ಟಿ ತಟ್ಟುತ್ತ, ತಲೆಯೆತ್ತದೆ, ಹೆಸರು ಹೇಳಿಬಿಟ್ಟರಂತೆ, ಊರನ್ನೂ ಹೇಳಿದರಂತೆ. ಅದನ್ನು ಇಲ್ಲಿ ಬರೆಯುವ ಹಕ್ಕು ನನ್ನದಲ್ಲ. ಮುಂದಿನ ವರ್ಷದ ಸಂಚಿಕೆಗೆ ತಾನೇ ಬರೆಯುತ್ತೇನೆ ಎಂದು ಆ ಗೆಳತಿ ಹೇಳಿದ್ದಾಳೆ.